ಸಬ್ಸಿಡಿ ಹಣ ಖಾತೆಗೆ ಬೀಳಬೇಕಾದರೆ: ಮಂಡ್ಯ ಸೀಮೆಯ ರೈತರಿಗೆ ಕಾಗದಪತ್ರದ ಕೈಪಿಡಿ

ಮಂಡ್ಯ ಜಿಲ್ಲೆಯ ಯಾವ ರೈತ ಸಂಪರ್ಕ ಕೇಂದ್ರದ ಮುಂದೆ ನಿಂತರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ: "ಪಕ್ಕದ ಜಮೀನವ್ರಿಗೆ ಬಂತು, ನಮಗ್ಯಾಕೆ ಬರ್ಲಿಲ್ಲ?" ಅರ್ಹತೆ ಇಲ್ಲದೆ ಹಣ ನಿಂತಿರುವುದು ಅಪರೂಪ. ಪಹಣಿ, ಎಫ್‌ಐಡಿ (ರೈತರ ನೋಂದಣಿ ಸಂಖ್ಯೆ), ಬೆಳೆ ಸಮೀಕ್ಷೆ, ಬ್ಯಾಂಕಿನ ಆಧಾರ್ ಜೋಡಣೆ ಈ ನಾಲ್ಕರಲ್ಲಿ ಯಾವುದೋ ಒಂದು ಕಡೆ ಹೆಸರೋ ವಿಸ್ತೀರ್ಣವೋ ಬೆಳೆಯೋ ಹೊಂದಿಕೆಯಾಗದೆ ಸಿಕ್ಕಿಕೊಂಡಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆಂದ ಮಾತ್ರಕ್ಕೆ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆ ತುಂಬುವುದಿಲ್ಲ, ನಡುವಿನ ತೂಬುಗಳೆಲ್ಲ ತೆರೆದಿರಬೇಕು. ಸರ್ಕಾರ ಹಣ ಬಿಡುಗಡೆ ಮಾಡಿತು ಎಂಬ ಸುದ್ದಿಗೂ ನಿಮ್ಮ ಖಾತೆಗೂ ನಡುವೆ ಅಂಥವೇ ತೂಬುಗಳಿವೆ. ಅವನ್ನು ಯೋಜನೆ ಬಂದಾಗ ಓಡಾಡಿ ಸರಿಮಾಡುವುದಕ್ಕಿಂತ ಕೆಲಸ ಕಡಿಮೆ ಇರುವ ಬೇಸಿಗೆಯಲ್ಲೇ ಸರಿಮಾಡಿಕೊಳ್ಳುವುದು ಲೇಸು.

ಪಹಣಿಯಿಂದ ಶುರುಮಾಡಿ

ನಾಡಕಚೇರಿ, ಗ್ರಾಮ ಒನ್ ಅಥವಾ ಭೂಮಿ ಜಾಲತಾಣದಿಂದ ಈ ವರ್ಷದ ಪಹಣಿ ತೆಗೆಯಿರಿ. ಪೆಟ್ಟಿಗೆಯಲ್ಲಿಟ್ಟ ಹಳೆಯ ಪಹಣಿ ಈ ಕೆಲಸಕ್ಕೆ ಬಾರದು. ನೋಡಬೇಕಾದ ಜಾಗಗಳು ಇಷ್ಟು: ಮೇಲಿನ ಸಾಲಿನಲ್ಲಿ ಸರ್ವೆ ನಂಬರ್ ಮತ್ತು ಹಿಸ್ಸಾ, 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಸ್ತೀರ್ಣ ಮತ್ತು ಖಾತೆ ಸಂಖ್ಯೆ, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಋಣ ಮತ್ತು ಇತರೆ ಹಕ್ಕು, 12ರಲ್ಲಿ ಬೆಳೆ. ಹೆಚ್ಚಿನವರು 11ನೇ ಕಾಲಂನ ಸಾಲ ನೋಡಿ ಪಹಣಿ ಮಡಚಿಡುತ್ತಾರೆ. ಸಬ್ಸಿಡಿಗೆ ಮುಖ್ಯವಾದದ್ದು 9 ಮತ್ತು 12.

9ನೇ ಕಾಲಂನ ಹೆಸರನ್ನು ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ಪಹಣಿಯಲ್ಲಿ "ನಿಂಗೇಗೌಡ ಬಿನ್ ಚಿಕ್ಕೇಗೌಡ" ಎಂದಿದ್ದು ಆಧಾರ್‌ನಲ್ಲಿ "ನಿಂಗೇಗೌಡ ಸಿ" ಎಂದಿದ್ದರೆ ಗಾಬರಿ ಬೇಡ. ಇಷ್ಟು ವ್ಯತ್ಯಾಸವನ್ನು ದಾಖಲೆ ನೋಡಿ ಒಪ್ಪುತ್ತಾರೆ. ಪಹಣಿಯಲ್ಲಿ "ನಿಂಗೇಗೌಡ", ಆಧಾರ್‌ನಲ್ಲಿ ಊರವರು ಕರೆಯುವ "ಸಣ್ಣಪ್ಪ" ಎಂದಿದ್ದರೆ ಅದು ಬೇರೆಯೇ ವ್ಯಕ್ತಿ ಎಂದು ಗಣಕಯಂತ್ರ ತಳ್ಳಿಬಿಡುತ್ತದೆ. ಹೆಣ್ಣುಮಕ್ಕಳ ದಾಖಲೆಯಲ್ಲಿ ಈ ತೊಡಕು ಇನ್ನೂ ಹೆಚ್ಚು. ತವರಿನಿಂದ ಬಂದ ಜಮೀನಿನ ಪಹಣಿಯಲ್ಲಿ "ಬಿನ್" ಇದ್ದು ತಂದೆಯ ಹೆಸರಿರುತ್ತದೆ, ಆಧಾರ್‌ನಲ್ಲಿ ಗಂಡನ ಹೆಸರಿರುತ್ತದೆ.

ಎರಡರಲ್ಲಿ ಯಾವುದನ್ನು ತಿದ್ದಿಸಬೇಕು? ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಮತದಾರರ ಚೀಟಿ ಯಾವ ಹೆಸರಿನಲ್ಲಿವೆ ನೋಡಿ. ಅವೆಲ್ಲ ಆಧಾರ್ ಜೊತೆ ಹೊಂದಿದ್ದರೆ ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ, ಆಧಾರ್ ಒಂದೇ ತಪ್ಪಿದ್ದರೆ ಅದನ್ನೇ ತಿದ್ದಿಸಿ, ಅದು ಬೇಗ ಮುಗಿಯುವ ಕೆಲಸ. "ಎರಡೂ ಹೆಸರು ಒಬ್ಬರದೇ" ಎಂದು ನೋಟರಿ ಪ್ರಮಾಣಪತ್ರ ಮಾಡಿಸಿಕೊಂಡು ಸುಮ್ಮನಾಗುವವರು ಬಹಳ. ಅದು ಕೊಟ್ಟ ಕಚೇರಿಯಲ್ಲಿ ಆ ಒಂದು ಅರ್ಜಿಗೆ ನಡೆದೀತು, ಮುಂದಿನ ಯೋಜನೆ ಬಂದಾಗ ಮತ್ತೆ ಅದೇ ಗೋಳು.

ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ಉಳಿದ ಯಾವ ಕೆಲಸಕ್ಕೂ ಕೈ ಹಾಕಬೇಡಿ, ಮೊದಲು ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಮತ್ತು ಪಹಣಿ ಬೇಕು. ಇಲ್ಲಿ ಎಡವುವುದು ಎರಡು ಕಡೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬಿಟ್ಟುಬಿಡುವುದು ಒಂದು. ಕಾನೂನಿನಲ್ಲಿ ಅವರೂ ವಾರಸುದಾರರು, ಬಿಟ್ಟರೆ ಮುಂದೆ ತಕರಾರು ಗ್ಯಾರಂಟಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಾ, ದಾಖಲೆಯಲ್ಲಿ ಮಾತ್ರ ಒಂದೇ ಖಾತೆ ಉಳಿಸಿಕೊಳ್ಳುವುದು ಇನ್ನೊಂದು. ಪಾಲು ತಕರಾರಿನಲ್ಲಿದ್ದರೆ ಅದು ಬಗೆಹರಿಯಲಿ ಎಂದು ಕಾಯಬೇಡಿ. ಪೌತಿ ಖಾತೆ ಎಲ್ಲರ ಹೆಸರಿಗೆ ಜಂಟಿಯಾಗಿ ಆಗುತ್ತದೆ. ವಿಭಾಗ ಪತ್ರ, 11ಇ ನಕ್ಷೆ (ಪಾಲಿನ ಅಳತೆ ನಕ್ಷೆ), ಪೋಡಿ (ಪಾಲನ್ನು ದಾಖಲೆಯಲ್ಲಿ ಬೇರ್ಪಡಿಸುವುದು) ಇವೆಲ್ಲ ಆಮೇಲಿನ ಕೆಲಸ.

ಪಹಣಿಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯವರನ್ನು ಕೇಳಿ. ಆಗಿಲ್ಲದಿದ್ದರೆ ಅವರ ಮೊಬೈಲ್‌ನಲ್ಲೇ ಓಟಿಪಿ ಮತ್ತು ಫೋಟೊ ತೆಗೆದು ಮಾಡಿಕೊಡುತ್ತಾರೆ.

ಎಫ್‌ಐಡಿ: ಇದ್ದರೆ ಸಾಲದು, ತುಂಬಿರಬೇಕು

ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾದ ರೈತರಿಗೆ ಎಫ್‌ಐಡಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆ ಸಿಗುತ್ತದೆ. ಕೃಷಿ, ತೋಟಗಾರಿಕೆ, ರೇಷ್ಮೆ, ಕಂದಾಯ ಇಲಾಖೆಗಳೆಲ್ಲ ನೋಡುವುದು ಈ ಒಂದೇ ದಾಖಲೆಯನ್ನು. ಬಿತ್ತನೆ ಬೀಜದ ರಿಯಾಯಿತಿ, ಬೆಂಬಲ ಬೆಲೆಯ ರಾಗಿ ಖರೀದಿ, ಬರ ಪರಿಹಾರ, ಬೆಳೆ ವಿಮೆ ಎಲ್ಲವೂ ಇದರ ಮೇಲೆ ನಿಂತಿವೆ. ನೋಂದಣಿಗೆ ಆಧಾರ್, ಎಲ್ಲ ಸರ್ವೆ ನಂಬರುಗಳ ಪಹಣಿ, ಪಾಸ್‌ಬುಕ್‌ನ ಮೊದಲ ಪುಟ, ಫೋಟೊ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಆರ್‌ಡಿ ಸಂಖ್ಯೆ ಇರುವ ಜಾತಿ ಪ್ರಮಾಣಪತ್ರ ಸಾಕು.

"ನಂದು ಎಫ್‌ಐಡಿ ಆಗಿದೆ" ಎನ್ನುವವರಲ್ಲಿ ಅನೇಕರ ದಾಖಲೆಯಲ್ಲಿ ಒಂದೇ ಸರ್ವೆ ನಂಬರ್ ಇರುತ್ತದೆ. ಹಿಂದೆ ಪಿಎಂ ಕಿಸಾನ್‌ಗೋ ಬೆಳೆಸಾಲಕ್ಕೋ ತುರ್ತಾಗಿ ಮಾಡಿಸುವಾಗ ಕೈಗೆ ಸಿಕ್ಕ ಒಂದು ಪಹಣಿ ಕೊಟ್ಟಿರುತ್ತಾರೆ, ಉಳಿದದ್ದನ್ನು ಆಮೇಲೆ ಸೇರಿಸುವುದು ಮರೆತುಹೋಗಿರುತ್ತದೆ. ಪಿಎಂ ಕಿಸಾನ್‌ಗೆ ವಿಸ್ತೀರ್ಣದ ಲೆಕ್ಕ ಇಲ್ಲವಾದ್ದರಿಂದ ತೊಂದರೆ ಕಾಣುವುದಿಲ್ಲ. ಎಕರೆ ಲೆಕ್ಕದ ಯೋಜನೆ ಬಂದಾಗ ಹೊಡೆತ ಬೀಳುತ್ತದೆ. ಡೀಸೆಲ್ ಸಹಾಯಧನದ ರೈತ ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ: ಎಕರೆಗೆ 250 ರೂಪಾಯಿ, ಗರಿಷ್ಠ 5 ಎಕರೆಗೆ 1,250. ಅದಕ್ಕೆ ಬೇರೆ ಅರ್ಜಿಯೇ ಇರಲಿಲ್ಲ, ಫ್ರೂಟ್ಸ್‌ನಲ್ಲಿದ್ದ ವಿಸ್ತೀರ್ಣವೇ ಲೆಕ್ಕ. ನಾಲ್ಕು ಎಕರೆ ಇದ್ದೂ ಒಂದು ಎಕರೆ ಮಾತ್ರ ಸೇರಿಸಿದ್ದವರಿಗೆ ಬಂದದ್ದು 250.

ಹಾಗಾಗಿ ಎಫ್‌ಐಡಿ ವಿವರದ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಪ್ರತಿ ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಜಾತಿ ವರ್ಗ, ಮೊಬೈಲ್ ನಂಬರ್ ಸರಿಯಾಗಿವೆಯೇ ನೋಡಿ. ಕೆ.ಆರ್. ಪೇಟೆಯಲ್ಲಿ ಎರಡು ಎಕರೆ, ಪಾಂಡವಪುರದಲ್ಲಿ ಇಪ್ಪತ್ತು ಗುಂಟೆ ಇದ್ದರೂ ಎಲ್ಲವನ್ನೂ ಒಂದೇ ಎಫ್‌ಐಡಿಗೆ ಸೇರಿಸಬಹುದು, ಅದಕ್ಕೆಂದು ಎರಡು ತಾಲ್ಲೂಕು ಸುತ್ತಬೇಕಿಲ್ಲ. ಜಂಟಿ ಖಾತೆಯಾದರೆ ನಿಮ್ಮ ಪಾಲಿನ ವಿಸ್ತೀರ್ಣ ಮಾತ್ರ ನಿಮ್ಮ ಹೆಸರಿಗೆ ಸೇರಬೇಕು. ಅಣ್ಣ ಇಡೀ ವಿಸ್ತೀರ್ಣವನ್ನು ತನ್ನ ಎಫ್‌ಐಡಿಗೆ ಸೇರಿಸಿಕೊಂಡಿದ್ದರೆ ತಮ್ಮನ ಅರ್ಜಿ ನಿಲ್ಲುತ್ತದೆ. ಜಮೀನು ಮಾರಿದ ಮೇಲೆ ಆ ನಂಬರನ್ನು ತೆಗೆಸದಿದ್ದರೆ ಕೊಂಡವರಿಗೂ ಇದೇ ಕಷ್ಟ.

ಇಲ್ಲೊಂದು ಕಹಿ ಸಂಗತಿ ಹೇಳಲೇಬೇಕು. ವಾರಕ್ಕೋ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ) ಗುತ್ತಿಗೆಗೋ ಉಳುವವರಿಗೆ ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ಬೆವರು ಯಾರದ್ದಾದರೂ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಮಾಲೀಕರೊಂದಿಗೆ ಮಾತಾಡುವಾಗಲೇ "ಬೆಳೆ ಹೋದರೆ ಪರಿಹಾರದ ಹಣ ಯಾರಿಗೆ" ಎಂಬುದನ್ನು ನಾಲ್ಕು ಜನರ ಮುಂದೆ ತೀರ್ಮಾನಿಸಿಕೊಂಡಿರಿ. ಹಣ ಬಂದ ಮೇಲೆ ಆ ಮಾತು ತೆಗೆದರೆ ನ್ಯಾಯ ಸಿಗುವುದು ಕಷ್ಟ.

ಬ್ಯಾಂಕಿನಲ್ಲಿ ಏನು ಕೇಳಬೇಕು

ಅರ್ಜಿಯಲ್ಲಿ ಖಾತೆ ಸಂಖ್ಯೆ ಬರೆದುಕೊಟ್ಟರೆ ಹಣ ಅಲ್ಲಿಗೇ ಬರುತ್ತದೆ ಎಂದು ನಂಬಿಕೊಂಡವರು ಇನ್ನೂ ಇದ್ದಾರೆ. ಈಗ ನೇರ ನಗದು ವರ್ಗಾವಣೆ (ಡಿಬಿಟಿ) ಹೆಚ್ಚಾಗಿ ನಡೆಯುವುದು ಆಧಾರ್ ಸಂಖ್ಯೆಯ ಮೇಲೆ. ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರಿಗೆ ಯಾವ ಬ್ಯಾಂಕಿನ ಹೆಸರಿದೆಯೋ ಹಣ ಆ ಬ್ಯಾಂಕಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಯದಾಗಿ ಜೋಡಿಸಿದ್ದು.

ಬ್ಯಾಂಕಿಗೆ ಹೋಗಿ "ಸಾರ್, ಆಧಾರ್ ಲಿಂಕ್ ಆಗಿದೆಯಾ" ಎಂದು ಕೇಳಿದರೆ "ಆಗಿದೆ" ಎನ್ನುತ್ತಾರೆ. ಅವರು ಹೇಳುತ್ತಿರುವುದು ಕೆವೈಸಿಗೆಂದು, ಅಂದರೆ ಗ್ರಾಹಕರ ಗುರುತಿನ ದಾಖಲೆಗೆಂದು, ಖಾತೆಗೆ ಆಧಾರ್ ಸೇರಿಸಿದ್ದನ್ನು. ನೀವು ಕೇಳಬೇಕಾದ್ದು: "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೆ ಆಗಿದೆಯಾ, ಆಕ್ಟಿವ್ ಇದೆಯಾ?" ಆಗಿಲ್ಲದಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಕೆಲವು ದಿನ ಬಿಟ್ಟು ಆಧಾರ್ ಪ್ರಾಧಿಕಾರದ ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರೂ ಆಕ್ಟಿವ್ ಇದೆಯೇ ಎಂಬುದೂ ಕಾಣುತ್ತದೆ.

ಮಗಳ ಮದುವೆಗೋ ಸಂಘದ ಸಾಲಕ್ಕೋ ಹೊಸ ಖಾತೆ ತೆರೆದು ಮರೆತಿರುತ್ತೀರಿ, ಮ್ಯಾಪಿಂಗ್ ಅಲ್ಲಿಗೆ ಹೋಗಿರುತ್ತದೆ, ಹಣ ಅಲ್ಲೇ ಜಮೆಯಾಗಿ ಕೂತಿರುತ್ತದೆ. "ಬಂದಿಲ್ಲ" ಎಂದು ದೂರು ಕೊಡುವ ಮೊದಲು ಮನೆಯಲ್ಲಿರುವ ಎಲ್ಲ ಪಾಸ್‌ಬುಕ್‌ಗಳಿಗೂ ಎಂಟ್ರಿ ಹಾಕಿಸಿ. ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೆ ಅಥವಾ ಕೆವೈಸಿ ಬಾಕಿಯಿದ್ದರೆ ಹಣ ವಾಪಸ್ ಹೋಗುತ್ತದೆ. ಹಳೆಯ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ವಿಲೀನವಾದವು. ಆ ಹೆಸರಿನ ಪಾಸ್‌ಬುಕ್ ನಕಲನ್ನೇ ಈಗಲೂ ಅರ್ಜಿಗೆ ಲಗತ್ತಿಸಿದರೆ ಹಳೆಯ ಐಎಫ್‌ಎಸ್‌ಸಿ ಕೋಡ್ ಸೇರಿ, ಖಾತೆ ಸಂಖ್ಯೆಯ ಮೇಲೆ ಬರುವ ಪಾವತಿಗಳು ತಪ್ಪುತ್ತವೆ. ಯಾವ ಬ್ಯಾಂಕಿನಲ್ಲೂ ಕೆಲಸ ಸರಾಗವಾಗದಿದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಮ್ಯಾಪಿಂಗ್ ಅಲ್ಲಿಗೆ ಮಾಡಿಸುವುದು ಒಳ್ಳೆಯ ದಾರಿ. ಬೆರಳಚ್ಚು ಕೊಟ್ಟರೆ ಪೋಸ್ಟ್‌ಮ್ಯಾನ್ ಹತ್ತಿರವೇ ಹಣ ಪಡೆಯಬಹುದು.

ಮೊಬೈಲ್‌ನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡು ಆಧಾರ್ ಓಟಿಪಿ ಕೊಟ್ಟು ನಾಲ್ಕಂಕಿಯ ಪಿನ್ ಇಟ್ಟುಕೊಂಡರೆ, ರಾಜ್ಯ ಸರ್ಕಾರದ ಯಾವ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂಬುದು ಸಾಲಾಗಿ ಕಾಣುತ್ತದೆ. ಮಧ್ಯವರ್ತಿಗೆ ನೂರಿನ್ನೂರು ಕೊಟ್ಟು ಕೇಳಿಸಿಕೊಳ್ಳುವ ಮಾಹಿತಿ ಇದೇ.

ಬೆಳೆ ಸಮೀಕ್ಷೆ

ಹೆಚ್ಚು ಜನ ತಾತ್ಸಾರ ಮಾಡುವುದೂ ಹೆಚ್ಚು ಹಣ ಕಳೆಯುವುದೂ ಇಲ್ಲೇ. ಮುಂಗಾರು, ಹಿಂಗಾರು, ಬೇಸಿಗೆ ಮೂರು ಹಂಗಾಮಿಗೂ ಪ್ರತಿ ಹಿಸ್ಸಾದಲ್ಲಿ ಯಾವ ಬೆಳೆ ಇದೆ ಎಂದು ಫೋಟೊ ಸಮೇತ ದಾಖಲಾಗುತ್ತದೆ. ಪಹಣಿಯ 12ನೇ ಕಾಲಂಗೆ ಬೆಳೆ ಬರುವುದು ಇದರಿಂದ. ಬೆಳೆ ಹಾನಿ ಪರಿಹಾರ, ವಿಮೆ, ಬೆಂಬಲ ಬೆಲೆ ಖರೀದಿ ಮೂರೂ ಇದನ್ನೇ ನೋಡುತ್ತವೆ.

ನೀವೇ ಮಾಡುವುದಾದರೆ ಆ ಹಂಗಾಮಿನ ರೈತರ ಬೆಳೆ ಸಮೀಕ್ಷೆ ಆ್ಯಪ್ ಹಾಕಿಕೊಳ್ಳಿ, ಹೋದ ವರ್ಷದ್ದು ಕೆಲಸ ಮಾಡುವುದಿಲ್ಲ. ಆಧಾರ್ ಇ-ಕೆವೈಸಿ ಮುಗಿಸಿ, ಜಮೀನಿನ ನಂಬರುಗಳನ್ನು ಸೇರಿಸಿ, ಹಳ್ಳಿಯ ನಕ್ಷೆಯನ್ನು ನೆಟ್‌ವರ್ಕ್ ಇರುವ ಜಾಗದಲ್ಲೇ ಇಳಿಸಿಕೊಳ್ಳಿ. ನಾಗಮಂಗಲದ ಗುಡ್ಡದ ಮಗ್ಗುಲಲ್ಲಿ ಹೊಲಕ್ಕೆ ಹೋದ ಮೇಲೆ ಸಿಗ್ನಲ್ ಹುಡುಕುವುದು ವ್ಯರ್ಥ. ಜಮೀನಿನ ನಡುವೆ ನಿಂತು ಜಿಪಿಎಸ್ ನಿಮ್ಮ ಹಿಸ್ಸಾದ ಗಡಿಯೊಳಗೆ ತೋರಿಸುವವರೆಗೆ ಕಾದು, ಆಮೇಲೆ ಬೆಳೆ, ವಿಸ್ತೀರ್ಣ, ನೀರಾವರಿಯ ಮೂಲ ತುಂಬಿ ಫೋಟೊ ತೆಗೆಯಿರಿ. ಬದುವಿನ ಮೇಲೆ ನಿಂತರೆ ಪಕ್ಕದ ಹಿಸ್ಸಾ ಹಿಡಿಯುತ್ತದೆ. ಕೊನೆಯಲ್ಲಿ ಅಪ್‌ಲೋಡ್ ಒತ್ತುವುದನ್ನು ಮರೆಯಬೇಡಿ. ಉಳಿಸಿದ್ದೇ ಮುಗಿಯಿತು ಎಂದುಕೊಂಡರೆ ಮಾಹಿತಿ ನಿಮ್ಮ ಫೋನಿನಲ್ಲೇ ಉಳಿಯುತ್ತದೆ.

ನೀವು ಮಾಡದಿದ್ದರೆ ಊರಿನ ಖಾಸಗಿ ನಿವಾಸಿ, ಅಂದರೆ ಇಲಾಖೆ ನೇಮಿಸಿಕೊಂಡ ಹುಡುಗರು ಮಾಡುತ್ತಾರೆ. ಅವರಿಗೆ ತಾಕಿನ ಲೆಕ್ಕದಲ್ಲಿ ಸಂಭಾವನೆ, ನೂರಾರು ತಾಕು ಮುಗಿಸುವ ಅವಸರ. ತಪ್ಪುಗಳು ಬರುವುದು ಸಾಮಾನ್ಯವಾಗಿ ಹೀಗೆ:

ಜುಲೈ, ಆಗಸ್ಟ್‌ನಲ್ಲಿ ರಾಗಿ ಬಿತ್ತುವ ಹೊಲಕ್ಕೆ ಅದಕ್ಕೂ ಮೊದಲೇ ಬಂದು "ಪಾಳು" ಎಂದು ಬರೆದು ಹೋಗಿರುತ್ತಾರೆ. ನಾಲೆಗೆ ನೀರು ತಡವಾಗಿ ಬಿಟ್ಟ ವರ್ಷ ಭತ್ತದ ಗದ್ದೆಗೂ ಇದೇ ಗತಿ. ತೆಂಗಿನ ತೋಟದೊಳಗೆ ರಾಗಿ ಇದ್ದರೆ ಬರೀ ತೆಂಗು ಎಂದು ಬರುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆ, ಹುಚ್ಚೆಳ್ಳು, ಜೋಳ ದಾಖಲೆಗೇ ಬರುವುದಿಲ್ಲ. ಕೂಳೆ ಕಬ್ಬಿನ ಗದ್ದೆಗೆ ಹೋದ ವರ್ಷದ ಮಾಹಿತಿಯನ್ನೇ ಎತ್ತಿ ಹಾಕಿರುತ್ತಾರೆ, ನೀವು ಕೂಳೆ ಕಿತ್ತು ಭತ್ತ ನಾಟಿ ಮಾಡಿರುತ್ತೀರಿ. ಕೊಳವೆಬಾವಿ ಇರುವ ತಾಕಿಗೆ "ಮಳೆಯಾಶ್ರಿತ" ಎಂದು ಬಿದ್ದರೆ ಪರಿಹಾರದ ದರ ಅರ್ಧಕ್ಕೆ ಇಳಿಯುತ್ತದೆ.

ಇದನ್ನು ಹಿಡಿಯಲು ಬೆಳೆ ದರ್ಶಕ ಆ್ಯಪ್ ಇದೆ. ವರ್ಷ, ಹಂಗಾಮು, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಆರಿಸಿದರೆ ದಾಖಲಾದ ಬೆಳೆಯೂ ಫೋಟೊವೂ ಕಾಣುತ್ತವೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ನಿಗದಿತ ಗಡುವು ಇರುತ್ತದೆ, ಬೆಳೆ ಕೊಯ್ದ ಮೇಲೆ ಹೋದರೆ ಪರಿಶೀಲಿಸುವವರಿಗೆ ನೋಡಲು ಏನೂ ಇರುವುದಿಲ್ಲ. ಪೈರು ನಿಂತಿರುವಾಗಲೇ ಜಮೀನಿನಲ್ಲಿ ನಿಂತ ದಿನಾಂಕ ಸಮೇತದ ಫೋಟೊ ಎರಡು ತೆಗೆದಿಟ್ಟುಕೊಳ್ಳಿ, ಆಕ್ಷೇಪಣೆಯ ಜೊತೆ ಅದು ಉಪಯೋಗಕ್ಕೆ ಬರುತ್ತದೆ.

ಬೆಳೆ ಹಾನಿ ಪರಿಹಾರದ ಲೆಕ್ಕ

ಬರ, ಅತಿವೃಷ್ಟಿ, ಆಲಿಕಲ್ಲು ಇವುಗಳಿಗೆ ಕೊಡುವುದು ಹೂಡಿಕೆ ಸಹಾಯಧನ, ನಿಮ್ಮ ಬೆಳೆಯ ಬೆಲೆಯಲ್ಲ. ವಿಪತ್ತು ಪರಿಹಾರ ನಿಧಿಯ 2022-23ರಿಂದ 2025-26ರವರೆಗಿನ ಮಾನದಂಡದಂತೆ, ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 4 ಎಕರೆ 38 ಗುಂಟೆ. ರಾಜ್ಯ ಸರ್ಕಾರ ಕೆಲವೊಮ್ಮೆ ಇದರ ಮೇಲೆ ತನ್ನ ಕಡೆಯಿಂದ ಸೇರಿಸುತ್ತದೆ, ಆಗ ಆ ಆದೇಶದ ದರ ಬೇರೆ.

1 ಎಕರೆ 20 ಗುಂಟೆಯ ಖುಷ್ಕಿ (ಮಳೆಯಾಶ್ರಿತ) ರಾಗಿ ಒಣಗಿತು ಎನ್ನಿ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಒಂದೂವರೆ ಎಕರೆ. ಒಂದು ಹೆಕ್ಟೇರಿಗೆ 2.471 ಎಕರೆ, ಭಾಗಿಸಿದರೆ 0.607 ಹೆಕ್ಟೇರ್. ಅದನ್ನು 8,500ರಿಂದ ಗುಣಿಸಿದರೆ 5,160 ರೂಪಾಯಿ ಆಸುಪಾಸು. ಅದೇ ಜಮೀನು ಸಮೀಕ್ಷೆಯಲ್ಲಿ ನೀರಾವರಿ ಎಂದು ದಾಖಲಾಗಿದ್ದರೆ 10,320. ಖಾತೆಗೆ ಬಂದ ಮೊತ್ತ ಇದಕ್ಕಿಂತ ಬಹಳ ಕಡಿಮೆಯಿದ್ದರೆ ವಿಸ್ತೀರ್ಣ ಕಡಿಮೆ ಬಿದ್ದಿದೆಯೋ ದರ ಬೇರೆ ಬಿದ್ದಿದೆಯೋ ಎಂಬುದನ್ನು ಹೀಗೆ ಹಿಂದಕ್ಕೆ ಲೆಕ್ಕ ಹಾಕಿಯೇ ಪತ್ತೆ ಮಾಡಬಹುದು.

ಕಂತಿನ ಗೊಂದಲವೂ ಉಂಟು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮೊದಲು ಗರಿಷ್ಠ 2,000 ರೂಪಾಯಿ ಕೊಟ್ಟು, ಕೇಂದ್ರದ ಹಣ ಬಂದ ಮೇಲೆ 2024ರ ಮೇ ತಿಂಗಳಲ್ಲಿ ಅದನ್ನು ಕಳೆದು ಉಳಿದದ್ದನ್ನು ಹಾಕಿದರು. ಎರಡನ್ನೂ ಕೂಡಿಸಿ ನೋಡದೆ "ಕಡಿಮೆ ಬಂತು" ಎಂದವರು ಅನೇಕರು.

ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಕಂದಾಯ ಇಲಾಖೆಯ ಪರಿಹಾರ ಜಾಲತಾಣದಲ್ಲಿ ನೋಡಬಹುದು. ವರ್ಷ, ಹಂಗಾಮು, ವಿಪತ್ತಿನ ಬಗೆ ಆರಿಸಿ ಆಧಾರ್, ಎಫ್‌ಐಡಿ, ಮೊಬೈಲ್ ಅಥವಾ ಸರ್ವೆ ನಂಬರ್ ಕೊಟ್ಟು ಹುಡುಕಿ. ಸರ್ವೆ ನಂಬರ್ ಹಾಕಿ ಹುಡುಕುವುದೇ ಉತ್ತಮ, ನಿಮ್ಮ ಜಮೀನಿನ ಹಣ ಬೇರೆಯವರ ಹೆಸರಿಗೆ ಹೋಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಪರಿಹಾರವನ್ನು ಬ್ಯಾಂಕು ಸಾಲಕ್ಕೆ ಮುರಿದುಕೊಂಡರೆ ಸುಮ್ಮನಿರಬೇಡಿ. ಹಾಗೆ ಜಮಾ ಮಾಡಿಕೊಳ್ಳಬಾರದು ಎಂದು 2024ರಲ್ಲಿ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ಶಾಖಾ ವ್ಯವಸ್ಥಾಪಕರಿಗೆ ಬರವಣಿಗೆಯಲ್ಲಿ ಕೊಟ್ಟು, ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಕಳಿಸಿ.

ಪಿಎಂ ಕಿಸಾನ್ ನಿಂತಿದ್ದರೆ

ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು: ಏಪ್ರಿಲ್-ಜುಲೈ, ಆಗಸ್ಟ್-ನವೆಂಬರ್, ಡಿಸೆಂಬರ್-ಮಾರ್ಚ್. ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಥಿತಿ ನೋಡಿದಾಗ ಮೂರು ಸಾಲು ಕಾಣುತ್ತವೆ: ಜಮೀನಿನ ಜೋಡಣೆ, ಇ-ಕೆವೈಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಮೂರರಲ್ಲೂ "ಯೆಸ್" ಇರಬೇಕು. ಮೊದಲನೆಯದು "ನೋ" ಇದ್ದರೆ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಎರಡನೆಯದಾದರೆ ಮೊಬೈಲ್ ಓಟಿಪಿಯಿಂದಲೋ ಗ್ರಾಮ ಒನ್‌ನಲ್ಲಿ ಬೆರಳಚ್ಚಿನಿಂದಲೋ ಮುಗಿಸಿ. ದುಡಿದು ಬೆರಳ ಗೆರೆ ಸವೆದ ಹಿರಿಯರಿಗೆ ಮುಖ ತೋರಿಸಿ ಮಾಡುವ ಆ್ಯಪ್ ಅನುಕೂಲ. ಮೂರನೆಯದು ಬ್ಯಾಂಕಿನ ಕೆಲಸ, ಮೇಲೆ ಹೇಳಿದ ಮ್ಯಾಪಿಂಗ್.

ಇದು ಕುಟುಂಬಕ್ಕೊಂದು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಮೀನಿದ್ದರೂ ಒಬ್ಬರಿಗೆ ಮಾತ್ರ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು ಬರುವುದಿಲ್ಲ, ನಾಲ್ಕನೇ ದರ್ಜೆ ನೌಕರರಿಗೆ ಮಾತ್ರ ವಿನಾಯಿತಿ. 2019ರ ಫೆಬ್ರವರಿ 1ರ ನಂತರ ಕೊಂಡ ಜಮೀನಿನ ಮೇಲೆ ಹೊಸದಾಗಿ ಸೇರಲಾಗದು, ತಂದೆ ತಾಯಿ ತೀರಿಕೊಂಡು ವಾರಸಿನಿಂದ ಬಂದದ್ದಾದರೆ ಆಗುತ್ತದೆ. ಗೃಹಸಾಲಕ್ಕೆಂದೋ ಟ್ರ್ಯಾಕ್ಟರ್ ಸಾಲಕ್ಕೆಂದೋ ಯಾರೋ ಹೇಳಿದರು ಎಂದು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಿದವರ ಕಂತು ನಿಂತದ್ದುಂಟು. ಅರ್ಹತೆ ಇಲ್ಲದೆ ಪಡೆದ ಹಣವನ್ನು ವಾಪಸ್ ಕೇಳುತ್ತಾರೆ, ಆದ್ದರಿಂದ ಸುಮ್ಮನೆ ಪಡೆಯುತ್ತಾ ಹೋಗುವುದು ಜಾಣತನವಲ್ಲ. ಸಹಾಯವಾಣಿ 155261.

ಹನಿ ನೀರಾವರಿ, ಯಂತ್ರೋಪಕರಣ: ಕಾರ್ಯಾದೇಶಕ್ಕೆ ಮೊದಲು ಕೊಳ್ಳಬೇಡಿ

ಈ ವಿಭಾಗದಲ್ಲಿ ಹಣ ಕಳೆದುಕೊಳ್ಳುವ ಮುಖ್ಯ ಕಾರಣ ಶೀರ್ಷಿಕೆಯಲ್ಲೇ ಇದೆ. ಅಂಗಡಿಯವರು "ನೀವು ತಗೊಂಡೋಗಿ, ಸಬ್ಸಿಡಿ ನಾನು ಮಾಡಿಸಿಕೊಡ್ತೀನಿ" ಎನ್ನುತ್ತಾರೆ. ಇಲಾಖೆಯ ಕಾರ್ಯಾದೇಶದ (ಕೊಳ್ಳಲು ಕೊಡುವ ಮಂಜೂರಾತಿ ಪತ್ರದ) ದಿನಾಂಕಕ್ಕಿಂತ ಹಿಂದಿನ ಬಿಲ್ಲು ಇದ್ದರೆ ಸಹಾಯಧನ ಕೊಡುವುದಿಲ್ಲ.

ಮೊದಲು ಯಾವ ಇಲಾಖೆ ಎಂದು ತಿಳಿಯಿರಿ. ಕಬ್ಬು, ರಾಗಿ, ಭತ್ತದಂಥ ಬೆಳೆಗೆ ಕೃಷಿ ಇಲಾಖೆ, ಅಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ತೆಂಗು, ಬಾಳೆ, ಟೊಮೆಟೊಗೆ ತಾಲ್ಲೂಕಿನ ತೋಟಗಾರಿಕೆ ಕಚೇರಿ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ತಾನಾಗಿ ಸರಿಯಾದ ಕಡೆ ಹೋಗುವುದಿಲ್ಲ, ಸರದಿ ಮಾತ್ರ ತಪ್ಪುತ್ತದೆ.

ಹನಿ ಮತ್ತು ತುಂತುರು ನೀರಾವರಿಗೆ ರಾಜ್ಯದಲ್ಲಿ 2 ಹೆಕ್ಟೇರ್‌ವರೆಗೆ ಶೇ 90 ಸಹಾಯಧನ ಇದೆ. ಈ ಶೇಕಡಾವಾರು ಲೆಕ್ಕ ಇಲಾಖೆ ನಿಗದಿಪಡಿಸಿದ ಘಟಕ ದರದ ಮೇಲೆ, ಅಂಗಡಿಯ ಬಿಲ್ಲಿನ ಮೇಲಲ್ಲ. ಹೆಚ್ಚು ಬೆಲೆಯ ಫಿಲ್ಟರ್, ದಪ್ಪ ಪೈಪು ಆರಿಸಿದರೆ ಹೆಚ್ಚುವರಿಯೆಲ್ಲ ನಿಮ್ಮ ಕೈಯಿಂದ. ಪಹಣಿ, ಆಧಾರ್, ಪಾಸ್‌ಬುಕ್, ನೀರಿನ ಮೂಲದ ದೃಢೀಕರಣ ಪತ್ರ, ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಕೊಡಬೇಕು. ಬಾವಿ ಅಣ್ಣನ ಹಿಸ್ಸಾದಲ್ಲಿದ್ದು ನೀರು ನೀವು ಹಾಯಿಸಿಕೊಳ್ಳುತ್ತಿದ್ದರೆ ಅವರ ಒಪ್ಪಿಗೆ ಪತ್ರ ಮೊದಲೇ ಸಿದ್ಧವಿರಲಿ. ಅದೇ ಜಮೀನಿಗೆ ಹಿಂದೆ ಸಹಾಯಧನ ಪಡೆದು 7 ವರ್ಷ ಆಗಿಲ್ಲದಿದ್ದರೆ ಅರ್ಜಿ ನಿಲ್ಲುತ್ತದೆ, ಅಪ್ಪನ ಹೆಸರಿನಲ್ಲಿ ಪಡೆದಿದ್ದರೂ ಲೆಕ್ಕ ಜಮೀನಿಗೇ.

ಯಂತ್ರೋಪಕರಣಕ್ಕೆ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟರಿಗೆ ಶೇ 90, ಗರಿಷ್ಠ ಮಿತಿಗೆ ಒಳಪಟ್ಟು. ಹಣ ಪೂರ್ತಿ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕೋ, ರೈತರ ವಂತಿಕೆ ಮಾತ್ರ ಕಟ್ಟಿದರೆ ಉಳಿದದ್ದು ಕಂಪನಿಗೆ ಹೋಗುತ್ತದೋ ಎಂಬುದನ್ನು ಅರ್ಜಿ ಕೊಡುವ ದಿನವೇ ಕೇಳಿ. ವಂತಿಕೆಯನ್ನು ನಗದಾಗಿ ಕೊಡಬೇಡಿ, ಖಾತೆಯಿಂದಲೇ ಕಟ್ಟಿ. ಸಾಮಾನು ಬಂದಾಗ ಬಿಲ್ಲಿನಲ್ಲಿರುವ ಎಂಜಿನ್ ಮತ್ತು ಛಾಸಿಸ್ ನಂಬರನ್ನು ಯಂತ್ರದ ಮೇಲಿನ ನಂಬರಿಗೆ ತಾಳೆ ನೋಡಿ. ಸ್ಪ್ರಿಂಕ್ಲರ್ ಆದರೆ ಪೈಪುಗಳನ್ನು ಎಣಿಸಿ, ಮೇಲಿನ ಐಎಸ್‌ಐ ಗುರುತು ನೋಡಿದ ಮೇಲೆಯೇ ಸ್ವೀಕೃತಿಗೆ ಸಹಿ ಹಾಕಿ. ಅಧಿಕಾರಿ ತಪಾಸಣೆಗೆ ಬಂದು ಫೋಟೊ ತೆಗೆಯುವ ದಿನ ಡ್ರಿಪ್ ಲೈನ್ ಜಮೀನಿನಲ್ಲಿ ಹಾಸಿರಬೇಕು, ಸುರುಳಿ ಸುತ್ತಿ ಮನೆಯ ಮೂಲೆಯಲ್ಲಿಟ್ಟಿದ್ದರೆ ತಪಾಸಣೆ ಮುಂದಕ್ಕೆ ಹೋಗುತ್ತದೆ. ಮಾರ್ಚ್ 31ರ ಹತ್ತಿರ ಹೀಗೆ ಮುಂದಕ್ಕೆ ಹೋದದ್ದು ಮುಂದಿನ ವರ್ಷದ ಅನುದಾನಕ್ಕೆ ಕಾಯಬೇಕಾಗಬಹುದು. ಅದಕ್ಕೇ ಅರ್ಜಿಯನ್ನು ವರ್ಷದ ಮೊದಲ ತಿಂಗಳುಗಳಲ್ಲೇ ಕೊಡಿ ಎನ್ನುವುದು.

ಬೆಳೆ ವಿಮೆಯ ವಿಷಯ ಎರಡೇ ಮಾತು. ಸಂರಕ್ಷಣೆ ಜಾಲತಾಣದ ಮೂಲಕ ಕಟ್ಟುವ ಆಹಾರ ಧಾನ್ಯ ಮತ್ತು ಎಣ್ಣೆಕಾಳಿನ ವಿಮೆಯಲ್ಲಿ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ವಿಮೆಗೆ ಬರೆಸಿದ ಬೆಳೆಯೂ ಸಮೀಕ್ಷೆಯ ಬೆಳೆಯೂ ಒಂದೇ ಇರಬೇಕು, ಆಲಿಕಲ್ಲು ಅಥವಾ ನೆರೆಯಿಂದ ನಿಮ್ಮ ಜಮೀನಿಗಷ್ಟೇ ಹಾನಿಯಾದರೆ 72 ಗಂಟೆಯೊಳಗೆ 14447ಕ್ಕೆ ತಿಳಿಸಬೇಕು.

ದೂರು ಎಲ್ಲಿಗೆ

ಬೀಜ, ಉಪಕರಣ, ಪಿಎಂ ಕಿಸಾನ್: ರೈತ ಸಂಪರ್ಕ ಕೇಂದ್ರ, ಆಮೇಲೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರು, ಆಮೇಲೆ ಮಂಡ್ಯದ ಜಂಟಿ ಕೃಷಿ ನಿರ್ದೇಶಕರು. ಪಹಣಿ, ಪೌತಿ, ಬೆಳೆ ಹಾನಿ: ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರ್. ಬ್ಯಾಂಕಿನ ತಪ್ಪಿಗೆ ಕೃಷಿ ಇಲಾಖೆಯವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಅವರ ಕೈಯಲ್ಲಿ ಆ ಕೀಲಿಯೇ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ "ಪಿಎಂ ಕಿಸಾನ್" ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಕೂರಿಸುವ ಫೈಲ್) ಬಂದರೆ ಒತ್ತಬೇಡಿ, ಫೋನಿನ ಓಟಿಪಿಗಳೆಲ್ಲ ಕಳ್ಳರ ಪಾಲಾಗುತ್ತವೆ. ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದಷ್ಟೇ ಇಳಿಸಿಕೊಳ್ಳಿ.

ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಎಲ್ಲೂ ಕೆಲಸವಾಗದಿದ್ದರೆ ಜನಸ್ಪಂದನ ಸಹಾಯವಾಣಿ 1902. ಕರೆ ಮಾಡುವಾಗ ಎಫ್‌ಐಡಿ, ಸರ್ವೆ ನಂಬರ್, ಮೊಹರು ಹಾಕಿಸಿದ ಅರ್ಜಿಯ ದಿನಾಂಕ ಕೈಯಲ್ಲಿರಲಿ. "ಹಣ ಬಂದಿಲ್ಲ" ಎಂದಷ್ಟೇ ಹೇಳಬೇಡಿ. "ಇಂಥ ವರ್ಷದ ಮುಂಗಾರು ಬೆಳೆ ಹಾನಿ ಪರಿಹಾರ, ಇಂಥ ಸರ್ವೆ ನಂಬರ್, ಪರಿಹಾರ ಪಟ್ಟಿಯಲ್ಲಿ ಹೆಸರಿದೆ, ಮ್ಯಾಪಿಂಗ್ ಆಕ್ಟಿವ್ ಇದೆ, ಜಮೆಯಾಗಿಲ್ಲ" ಎಂದು ಬರೆಸಿ, ದೂರಿನ ಸಂಖ್ಯೆಯನ್ನು ಪಹಣಿಯ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಿ.